ಎಳೆ ಕಡಿದರೆ ಗಂಟು ಹಾಕಿ: ಹೊಸದಾಗಿ ಧ್ಯಾನಕ್ಕೆ ಕೂತವರಿಗೆ

ಮೊದಲೇ ಹೇಳಿಬಿಡುತ್ತೇನೆ, ನಾನು ಗುರುವೂ ಅಲ್ಲ, ಯೋಗ ಕಲಿಸುವವನೂ ಅಲ್ಲ. ಬನಹಟ್ಟಿಯಲ್ಲಿ ನಮ್ಮದು ನಾಲ್ಕು ಪವರ್‌ಲೂಮ್ ಇವೆ, ಅವುಗಳ ಲೆಕ್ಕಪತ್ರ ನೋಡುವವನು ನಾನು. ಐದು ವರ್ಷದಿಂದ ಬೆಳಿಗ್ಗೆ ಎದ್ದು ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೂತುಕೊಳ್ಳುತ್ತೇನೆ. ಅದರಲ್ಲಿ ಮೊದಲ ವರ್ಷ ಪೂರ್ತಿ ಹಾಳು ಮಾಡಿಕೊಂಡೆ. ಮನಸ್ಸು ಓಡಿದಾಗಲೆಲ್ಲ "ನನಗಿದು ಆಗೋದಲ್ಲ ಬಿಡು" ಅಂತ ಎದ್ದುಬಿಡುತ್ತಿದ್ದೆ. ಈಗ ನಮ್ಮ ಓಣಿಯ ಹುಡುಗರು ಬಂದು ಅದೇ ದೂರು ಹೇಳುತ್ತಾರೆ: "ಕಾಕಾ, ಕಣ್ಣು ಮುಚ್ಚಿದ್ರ ಸಾಕ್ರಿ, ತಲಿಯೊಳಗ ಸಂತಿ ಚಾಲೂ ಆಗ್ತೈತ್ರಿ." ಅವರಿಗೆ ಒಂದೊಂದೇ ಸಲ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ನನ್ನ ಮೊದಲ ವರ್ಷದ ತಪ್ಪು ಏನಂದರೆ, ಧ್ಯಾನ ಅಂದರೆ ತಲೆ ಖಾಲಿ ಮಾಡುವುದು ಅಂದುಕೊಂಡಿದ್ದೆ. ಕೂತ ಕೂಡಲೇ ಖಾಲಿ ಮಾಡಲು ಶುರು. ಒಂದು ಯೋಚನೆ ಬಂತು, ದಬ್ಬು. ಇನ್ನೊಂದು ಬಂತು, ಅದನ್ನೂ ದಬ್ಬು. ವಿಜಯಪುರದ ಗೋಳಗುಮ್ಮಟದ ಮೇಲಿನ ಗ್ಯಾಲರಿ ಹತ್ತಿದವರಿಗೆ ಗೊತ್ತಿರುತ್ತದೆ, ಅಲ್ಲಿ ಯಾರಾದರೂ "ಸುಮ್ನಿರ್ರೋ" ಅಂತ ಕೂಗಿದರೆ ಆ ಕೂಗೇ ಗುಮ್ಮಟದೊಳಗೆ ಸುತ್ತು ಹೊಡೆದು ಮತ್ತೆ ಮತ್ತೆ ಕೇಳುತ್ತದೆ. ನನ್ನ ತಲೆಯಲ್ಲಿ ನಡೆದದ್ದೂ ಅದೇ. ಯೋಚನೆಗಿಂತ ಯೋಚನೆಯನ್ನು ಓಡಿಸುವ ಗದ್ದಲವೇ ಜಾಸ್ತಿ.

ತಿಳಿಸಿಕೊಟ್ಟಿದ್ದು ಮಗ್ಗ. ಒಂದು ದಿನ ಅಪ್ಪನ ಪಕ್ಕ ಸುಮ್ನೆ ನಿಂತಿದ್ದೆ. ಹಾಸಿನಲ್ಲಿ, ಅಂದರೆ ಬಟ್ಟೆಯ ಉದ್ದಕ್ಕೆ ಹಾಸಿದ ನೂಲಿನಲ್ಲಿ, ಸಾವಿರಾರು ಎಳೆ ಇರುತ್ತವೆ, ಲಾಳಿ ಆ ಕಡೆಯಿಂದ ಈ ಕಡೆ ಹಾರುತ್ತಿರುತ್ತದೆ. ನಡುವೆ ಯಾವುದೋ ಒಂದು ಎಳೆ ಕಡಿಯುತ್ತದೆ. ಅಪ್ಪ ಹಿಡಿಕೆ ಎಳೆದು ಮಗ್ಗ ನಿಲ್ಲಿಸಿದರು. ಕಡಿದ ತುದಿ ಹುಡುಕಿದರು, ಹೆಗಲ ಮೇಲಿದ್ದ ನೂಲಿನಿಂದ ಒಂದು ತುಂಡು ತೆಗೆದರು, ಬೆರಳ ತುದಿಯಲ್ಲಿ ಹೊಸೆದು ಗಂಟು ಹಾಕಿದರು, ಹಣಿಗೆಯಲ್ಲಿ ತೂರಿಸಿ ಎಳೆದರು, ಮಗ್ಗ ಚಾಲೂ. ಪೂರಾ ಒಂದು ನಿಮಿಷವೂ ಇಲ್ಲ. ಎಳೆಗೆ ಬೈಯಲಿಲ್ಲ, ತಮಗೂ ಬೈದುಕೊಳ್ಳಲಿಲ್ಲ, "ಇವತ್ತು ಎಷ್ಟನೇ ಸಲ ಇದು" ಅಂತ ಲೆಕ್ಕವನ್ನೂ ಹಾಕಲಿಲ್ಲ. ನಲವತ್ತು ವರ್ಷ ನೇಯ್ದವರ ಮಗ್ಗದಲ್ಲೂ ಎಳೆ ಕಡಿಯುತ್ತದೆ, ನಿನ್ನೆ ಬಂದ ಹುಡುಗನ ಮಗ್ಗದಲ್ಲೂ ಕಡಿಯುತ್ತದೆ. ಹುಡುಗ ಅದನ್ನು ನೋಡುವಷ್ಟರಲ್ಲಿ ಅರ್ಧ ಗಜ ಬಟ್ಟೆ ಹೋಗಿ ಉದ್ದಕ್ಕೂ ಗೆರೆ ಬಿದ್ದಿರುತ್ತದೆ, ಅಪ್ಪ ಎರಡು ಬೆರಳಗಲದಲ್ಲೇ ಹಿಡಿಯುತ್ತಾರೆ. ಇಷ್ಟೇ ವ್ಯತ್ಯಾಸ.

ಧ್ಯಾನದಲ್ಲಿ ಮನಸ್ಸು ಓಡುವುದು ಎಳೆ ಕಡಿದಂತೆ. ಓಡಿದೆ ಅಂತ ಗೊತ್ತಾಗಿ ವಾಪಸ್ ಬರುವುದೇ ಧ್ಯಾನದ ಕೆಲಸ. ಹತ್ತು ನಿಮಿಷದಲ್ಲಿ ಮೂವತ್ತು ಸಲ ಓಡಿ ಮೂವತ್ತು ಸಲ ಬಂದಿರಾ? ಮೂವತ್ತು ಗಂಟು ಹಾಕಿದ್ದೀರಿ, ಚೆನ್ನಾಗಿಯೇ ಕೆಲಸ ಮಾಡಿದ್ದೀರಿ. ನಿಮ್ಮೊಬ್ಬರ ಮನಸ್ಸು ಮಾತ್ರ ಮಂಗ ಅಂತಲೂ ತಿಳಿಯಬೇಡಿ. 2010ರಲ್ಲಿ ಹಾರ್ವರ್ಡ್‌ನ ಇಬ್ಬರು ಸಂಶೋಧಕರು ಎರಡು ಸಾವಿರಕ್ಕೂ ಹೆಚ್ಚು ಜನರಿಗೆ ದಿನದಲ್ಲಿ ಯಾವ್ಯಾವಾಗಲೋ ಫೋನಿನಲ್ಲಿ "ಈಗ ಏನು ಮಾಡುತ್ತಿದ್ದೀರಿ, ಮನಸ್ಸು ಎಲ್ಲಿದೆ" ಅಂತ ಕೇಳಿ ಲೆಕ್ಕ ಹಾಕಿದ್ದರು. ಹೆಚ್ಚೂ ಕಡಿಮೆ ನೂರಕ್ಕೆ 47 ಸಲ ಮನಸ್ಸು ಮಾಡುತ್ತಿರುವ ಕೆಲಸದಲ್ಲಿ ಇರಲೇ ಇಲ್ಲ. ಅಂದರೆ ಎಚ್ಚರ ಇರುವ ಹೊತ್ತಿನಲ್ಲಿ ಅರ್ಧದ ಹತ್ತಿರ ನಾವು ಬೇರೆಲ್ಲೋ ಇರುತ್ತೇವೆ. ಕಣ್ಣು ಮುಚ್ಚಿದಾಗ ಅದು ಕಾಣಿಸುತ್ತದೆ, ಅಷ್ಟೇ.

ಮೊದಲು ಒಂದು ಕೆಲಸ ಹಿಡಿಯಿರಿ

ಮನಸ್ಸಿಗೆ ಕೂತುಕೊಳ್ಳಲು ಒಂದು ಜಾಗ ಬೇಕು. ಸುಲಭವಾದದ್ದು ಉಸಿರು. ಉಸಿರನ್ನು ಎಳೆಯುವುದು, ತಡೆಯುವುದು ಏನೂ ಬೇಡ, ಅದರ ಪಾಡಿಗೆ ಅದು ಬಂದು ಹೋಗಲಿ. ಹೊರಗೆ ಹೋಗುವ ಉಸಿರಿಗೆ ಮಾತ್ರ ಮನಸ್ಸಿನಲ್ಲೇ ಒಂದು, ಎರಡು, ಮೂರು ಅಂತ ಎಣಿಸಿ. 10 ಆದ ಮೇಲೆ ಮತ್ತೆ ಒಂದು. ನಡುವೆ ಎಣಿಕೆ ತಪ್ಪಿದರೆ ಒಂದು. "ಹದಿನಾಲ್ಕು, ಹದಿನೈದು" ಅಂತ ಹೋಗಿಬಿಟ್ಟಿದ್ದರೂ ಒಂದು. ನಾನು ಮೊದಲ ತಿಂಗಳಲ್ಲಿ 10 ಮುಟ್ಟಿದ್ದು ಒಂದು ಕೈಬೆರಳಿನಲ್ಲಿ ಎಣಿಸುವಷ್ಟು ಸಲ. ಮೂರಕ್ಕೋ ನಾಲ್ಕಕ್ಕೋ ಕಳೆದುಹೋಗುತ್ತಿದ್ದೆ.

ಕೆಲವರಿಗೆ ಉಸಿರು ನೋಡಲು ಹೋದರೆ ಉಸಿರೇ ಕಟ್ಟಿದ ಹಾಗೆ ಆಗುತ್ತದೆ. ಅಂಥವರು ಬಲವಂತ ಮಾಡಬೇಡಿ. ನಮ್ಮ ಕಡೆ ನಾಮಸ್ಮರಣೆಯ ದಾರಿ ಮೊದಲಿನಿಂದಲೂ ಇದೆ. ನಮ್ಮ ಪಕ್ಕದ ಜಮಖಂಡಿಯಲ್ಲಿ 1886ರಲ್ಲಿ ಹುಟ್ಟಿದ ಗುರುದೇವ ರಾನಡೆಯವರು ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಕಲಿಸಿದವರು, ದೇಶ ವಿದೇಶದ ತತ್ವಗಳನ್ನೆಲ್ಲ ಓದಿದವರು. ಅಷ್ಟೆಲ್ಲ ಓದಿದ ಮೇಲೂ ಅವರು ಕಡೆಯವರೆಗೂ ಹಿಡಿದದ್ದು ನಾಮವನ್ನೇ. 1957ರಲ್ಲಿ ತೀರಿಕೊಂಡಿದ್ದೂ ನಿಂಬಾಳದ ತಮ್ಮ ಆಶ್ರಮದಲ್ಲೇ. ಹಾಗಾಗಿ ಉಸಿರಿಗೊಂದು ಹೆಸರು ಸೇರಿಸಿಕೊಂಡರೆ ಅದು ಕಡಿಮೆ ದರ್ಜೆಯದು ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಮನೆಯಲ್ಲಿ ಇಷ್ಟಲಿಂಗ ಪೂಜೆ ಇರುವವರಿಗಂತೂ ಹೊಸದೇನೂ ಬೇಕಿಲ್ಲ. ಅಂಗೈಯಲ್ಲಿರುವ ಲಿಂಗದ ಮೇಲೆ ದೃಷ್ಟಿ ಇಟ್ಟು ಕೂತುಕೊಳ್ಳುವುದನ್ನು ಅಜ್ಜ ಅಜ್ಜಿ ದಿನಾ ಮಾಡುತ್ತಿದ್ದರು, ನಾವು ಅದನ್ನು ಎರಡು ನಿಮಿಷಕ್ಕೆ ಮುಗಿಸಿ ಚಹಾಕ್ಕೆ ಓಡುವುದು ಕಲಿತೆವು.

ಯಾವುದನ್ನೇ ಹಿಡಿಯಿರಿ, ಎರಡು ತಿಂಗಳು ಬದಲಿಸಬೇಡಿ. ಸೋಮವಾರ ಉಸಿರು, ಬುಧವಾರ ಚಕ್ರ, ಶನಿವಾರ ಯೂಟ್ಯೂಬಿನಲ್ಲಿ ಸಿಕ್ಕ ಯಾವುದೋ ಸಂಗೀತ, ಹೀಗೆ ಮಾಡಿದರೆ ಮನಸ್ಸು ಓಡುವುದಕ್ಕೆ ನೀವೇ ಗಾಡಿ ಮಾಡಿಕೊಟ್ಟಂತೆ.

ಜಾಗ, ಹೊತ್ತು, ಫೋನು

ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಅದರ ಅಂಚಿನ ಮೇಲೆ ಕೂತುಕೊಳ್ಳಿ. ಕುಂಡೆ ಸ್ವಲ್ಪ ಎತ್ತರದಲ್ಲಿ ಇದ್ದು ಮೊಣಕಾಲು ಕೆಳಗೆ ಬಂದರೆ ಬೆನ್ನು ತಾನಾಗಿಯೇ ನೆಟ್ಟಗೆ ನಿಲ್ಲುತ್ತದೆ. ಪದ್ಮಾಸನ ಬೇಕಾಗಿಲ್ಲ. ಮೊಣಕಾಲು ನೋವಿದ್ದರೆ ಕುರ್ಚಿ ಮೇಲೆ, ಪಾದ ನೆಲಕ್ಕೆ ತಾಗುವ ಹಾಗೆ. ನಮ್ಮ ದೊಡ್ಡಪ್ಪ ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂತು ನನಗಿಂತ ಅಲುಗಾಡದೆ ಇರುತ್ತಾರೆ. ದಿನಾ ಒಂದೇ ಜಾಗ ಇರಲಿ. ಆದರೆ ಹಾಸಿಗೆಯ ಮೇಲೆ ಬೇಡ, ಅಲ್ಲಿ ಶರೀರಕ್ಕೆ ಬೇರೆಯದೇ ರೂಢಿ ಇದೆ.

ಹೊತ್ತಿನ ಬಗ್ಗೆ ಒಂದು ಮಾತು. ಬ್ರಾಹ್ಮೀ ಮುಹೂರ್ತದಲ್ಲೇ ಕೂರಬೇಕು ಅಂತ ಗಟ್ಟಿಯಾಗಿ ಹೇಳುವವರ ಮನೆಯಲ್ಲಿ ಬೆಳಗಿನ ರೊಟ್ಟಿ ಬಡಿಯುವವರು ಬೇರೆ ಯಾರೋ ಇರುತ್ತಾರೆ. ನಾನು ಐದೂವರೆಗೆ ಕೂರುತ್ತೇನೆ ಅಂದರೆ ಆ ಹೊತ್ತಿಗೆ ಒಲೆಯ ಮುಂದೆ ನಾನಿಲ್ಲ ಅಂತಲೇ ಅರ್ಥ ಅಲ್ವಾ. ನನ್ನ ಹೆಂಡತಿ ಕೂತುಕೊಳ್ಳುವುದು ಮಧ್ಯಾಹ್ನ ಮೂರರ ಸುಮಾರಿಗೆ, ಪಾತ್ರೆ ಎಲ್ಲ ಮುಗಿದು ಮಕ್ಕಳು ಶಾಲೆಯಿಂದ ಬರುವ ಮುಂಚೆ, ಮಾಳಿಗೆಗೆ ಹೋಗುವ ಮೆಟ್ಟಿಲ ಮೇಲೆ. ಅವಳದು ನನ್ನದಕ್ಕಿಂತ ಕಡಿಮೆ ತಪ್ಪುತ್ತದೆ. ಗಡಿಯಾರದ ಹೊತ್ತಿಗಿಂತ, ದಿನಾ ತಪ್ಪದೆ ಮಾಡುವ ಯಾವುದಾದರೂ ಒಂದು ಕೆಲಸದ ಹಿಂದೆ ಇದನ್ನು ಕಟ್ಟಿ: ಮುಖ ತೊಳೆದ ಮೇಲೆ, ದೀಪ ಹಚ್ಚಿದ ಮೇಲೆ, ಅಂಗಡಿಯ ಶಟರ್ ಎತ್ತಿದ ಮೇಲೆ. ಊಟ ಆದ ತಕ್ಷಣ ಮಾತ್ರ ಬೇಡ. ಜೋಳದ ರೊಟ್ಟಿ, ಝುಣಕ, ಮಜ್ಜಿಗೆ ಹೊಟ್ಟೆಗೆ ಬಿದ್ದ ಮೇಲೆ ಯಾವ ಧ್ಯಾನ.

ಫೋನು ಬೇರೆ ಕೋಣೆಯಲ್ಲಿ ಇರಲಿ. ಸೈಲೆಂಟ್ ಮಾಡಿ ಪಕ್ಕಕ್ಕೆ ಇಟ್ಟುಕೊಂಡರೆ ಸಾಲದು, ಪಕ್ಕದಲ್ಲಿದೆ ಅನ್ನುವುದೇ ಸಾಕು, ಕೈ ತುರಿಸುತ್ತದೆ. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರ ಅಂಗಿಗೆ ಜೇಬೇ ಇರುತ್ತಿರಲಿಲ್ಲ ಅನ್ನುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು. 2023ರ ಜನವರಿಯಲ್ಲಿ ಅವರು ತೀರಿಕೊಂಡ ಮೇಲೆ ಎಷ್ಟೋ ಜನ ಅದನ್ನೇ ನೆನೆದರು. ನನಗೆ ಅದು ಈಗ ಫೋನಿನ ವಿಷಯದಲ್ಲಿ ನೆನಪಾಗುತ್ತದೆ. ಇಟ್ಟುಕೊಳ್ಳಲು ಜಾಗವೇ ಇಲ್ಲದಿದ್ದರೆ ಆಗಾಗ ತೆಗೆದು ನೋಡುವ ಮಾತೇ ಇಲ್ಲ. ನಾನು ಜೇಬು ಬಿಡುವಷ್ಟು ದೊಡ್ಡವನಲ್ಲ, ಆದ್ದರಿಂದ ಟೈಮರ್ ಹಚ್ಚಿ ಫೋನನ್ನು ಅಡುಗೆಮನೆಯ ರೊಟ್ಟಿ ಬುಟ್ಟಿಯಲ್ಲಿ, ಬಟ್ಟೆಯ ಕೆಳಗೆ ಇಡಲು ಶುರು ಮಾಡಿದೆ. ಎರಡನೇ ದಿನವೇ ಹೆಂಡತಿ ಕೂಗಿದಳು, "ಏನ್ರೀ ಇದು, ರೊಟ್ಟಿ ಬುಟ್ಟಿ ಹಾಡಾಕತ್ತೈತಿ!" ಈಗ ಹಳೆಯದೊಂದು ಅಲಾರಂ ಗಡಿಯಾರ ಇಟ್ಟುಕೊಂಡಿದ್ದೇನೆ. ಟಿಕ್ ಟಿಕ್ ಕೇಳುತ್ತದೆ, ಕೇಳಲಿ.

ಶುರುವಿಗೆ ಐದು ನಿಮಿಷ ಸಾಕು. ನಿಜವಾಗಿಯೂ ಐದೇ. ಹುರುಪಿನಲ್ಲಿ ಮೊದಲ ದಿನವೇ ಅರ್ಧ ತಾಸು ಕೂತವರನ್ನು ನಾಲ್ಕನೇ ದಿನ ನಾನು ಕಂಡಿಲ್ಲ. ಹದಿನೈದು ದಿನ ಐದು ನಿಮಿಷ ತಪ್ಪದೆ ಕೂತರೆ ಏಳು ಮಾಡಿ, ಆಮೇಲೆ ಹತ್ತು.

ಸದ್ದು

ಇದನ್ನು ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ನಮ್ಮೂರಿನವರು ಮೊದಲು ಹೇಳುವ ನೆಪ ಇದೇ. "ನಮ್ಮ ಓಣ್ಯಾಗ ಎಲ್ಲಿ ಧ್ಯಾನಾರೀ." ನಿಜ, ಬನಹಟ್ಟಿಯಲ್ಲಿ ಮಗ್ಗದ ಖಟಪಟ ಇಲ್ಲದ ಓಣಿ ಹುಡುಕುವುದು ಕಷ್ಟ. ಅದರ ಮೇಲೆ ಬೆಳಗಿನ ಜಾವದ ಸುಪ್ರಭಾತ, ಆಜಾನ್, ಕಸದ ಗಾಡಿಯ ಹಾಡು, ಪಕ್ಕದ ಮನೆಯಲ್ಲಿ ರೊಟ್ಟಿ ಬಡಿಯುವ ಪಟಪಟ. ಕಬ್ಬಿನ ಹಂಗಾಮು ಬಂದರಂತೂ ಎರಡೆರಡು ಟ್ರೇಲರ್ ಕಟ್ಟಿಕೊಂಡು, ಹಾಡಿನ ಡೆಕ್ ಪೂರ್ತಿ ಏರಿಸಿಕೊಂಡು, ಕಾರ್ಖಾನೆಗೆ ಹೋಗುವ ಟ್ರ್ಯಾಕ್ಟರ್‌ಗಳು. ನಿಶ್ಶಬ್ದ ಆದ ಮೇಲೆ ಕೂರುತ್ತೇನೆ ಅಂದರೆ ಯುಗಾದಿ ಬಂದು ಹೋಗುತ್ತದೆ, ನೀವು ಕೂತಿರುವುದಿಲ್ಲ.

ಆದರೆ ನಮ್ಮ ಮಗ್ಗವೇ ನನಗೆ ಒಂದು ವಿಷಯ ತೋರಿಸಿತು. ಒಂದೇ ಸಮನೆ ಬರುವ ಸದ್ದು ತೊಂದರೆ ಕೊಡುವುದಿಲ್ಲ, ಸ್ವಲ್ಪ ಹೊತ್ತಿಗೆ ಕಿವಿ ಅದನ್ನು ಬಿಟ್ಟುಬಿಡುತ್ತದೆ. ನಮ್ಮ ಮಕ್ಕಳು ಮಗ್ಗದ ಪಕ್ಕದ ಕೋಣೆಯಲ್ಲೇ ನಿದ್ದೆ ಮಾಡುತ್ತಾರೆ. ಕರೆಂಟ್ ಹೋಗಿ ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತರೆ ಆಗ ಎಚ್ಚರ ಆಗುತ್ತದೆ! ಕಿವಿ ಎದ್ದು ನಿಲ್ಲುವುದು ಸದ್ದು ಬದಲಾದಾಗ. ಹಾಗಾಗಿ ಖಟಪಟದ ಜೊತೆ ಜಗಳ ಬೇಡ. ಬದಲಾದಾಗ ಕಿವಿ ಆ ಕಡೆ ಹೋಗುತ್ತದೆ, ಅದು ಅದರ ಸ್ವಭಾವ. ಮನಸ್ಸಿನಲ್ಲಿ "ಸದ್ದು" ಅಂತ ಒಂದೇ ಮಾತು ಹೇಳಿ ಮುಂದಿನ ಉಸಿರಿಗೆ ಬನ್ನಿ. ಯಾರ ಟ್ರ್ಯಾಕ್ಟರ್, ಎಷ್ಟು ಟನ್, ಈ ಸಲ ಕಬ್ಬಿನ ರೇಟು ಎಷ್ಟು ಅಂತ ಹೋದರೆ ಅದು ಸದ್ದಲ್ಲ, ಸದ್ದಿನ ಹಿಂದೆ ನೀವು ಕಟ್ಟಿದ ಟ್ರೇಲರ್.

ಹಾಡಿನದು ಸ್ವಲ್ಪ ಬೇರೆ. ಅದರಲ್ಲಿ ಮಾತು ಇರುತ್ತದೆ, ಮಾತು ಮನಸ್ಸನ್ನು ಎಳೆದುಕೊಂಡು ಹೋಗುತ್ತದೆ, ಮುಂದಿನ ಸಾಲು ನಾವೇ ಹಾಡಿಬಿಡುತ್ತೇವೆ. ಜಾತ್ರೆ, ಗಣಪತಿ ಹಬ್ಬದ ದಿನಗಳಲ್ಲಿ ಮೈಕು ನಿಲ್ಲುವ ಹಾಗೆಯೇ ಇರುವುದಿಲ್ಲ. ಅಂಥ ದಿನ ನಾನು ಉಸಿರನ್ನು ಬಿಟ್ಟು ಸದ್ದನ್ನೇ ಹಿಡಿಯುತ್ತೇನೆ. ತುಂಬಾ ದೂರದ ಸದ್ದು ಯಾವುದು, ಅದಕ್ಕಿಂತ ಹತ್ತಿರದ್ದು ಯಾವುದು, ಕೋಣೆಯೊಳಗಿನದು ಯಾವುದು, ನನ್ನ ಮೈಯೊಳಗಿನದು ಯಾವುದು. ಚೆನ್ನಾಗಿದೆ, ಕೆಟ್ಟದಾಗಿದೆ ಅಂತ ಏನೂ ಇಲ್ಲ, ಸುಮ್ನೆ ಕೇಳುವುದು. ಒಂದು ಸಲ ಹೀಗೆ ಕೇಳುತ್ತ ಕೂತಾಗ ಅಷ್ಟು ದೊಡ್ಡ ಮೈಕಿನ ನಡುವೆ ಅಜ್ಜಿ ನೂಲಿನ ಕಂಡಿಕೆ ಸುತ್ತುವ ರಾಟೆಯ ಕಿರ್ ಕಿರ್ ಕೇಳಿಸಿತು. ಎರಡು ಕೋಣೆ ಆಚೆಯಿಂದ.

ಕಡಿದ ಎಳೆ ಕೈಗೆ ಸಿಕ್ಕಾಗ

ಈಗ ಮುಖ್ಯವಾದದ್ದು. ಉಸಿರು ಎಣಿಸುತ್ತಿದ್ದಿರಿ, ಎಲ್ಲೋ ಹೋದಿರಿ, ಒಮ್ಮೆಲೇ "ಅಯ್ಯೋ, ಎಲ್ಲಿದ್ದೆ ನಾನು" ಅಂತ ಗೊತ್ತಾಯಿತು. ಆ ಕ್ಷಣದಲ್ಲಿ ಏನು ಮಾಡುತ್ತೀರಿ ಅನ್ನುವುದರ ಮೇಲೆ ಎಲ್ಲ ನಿಂತಿದೆ. ನಾನು ಮಾಡುವುದು ಇಷ್ಟು: ಎಲ್ಲಿಗೆ ಹೋಗಿದ್ದೆನೋ ಅದಕ್ಕೆ ಒಂದೇ ಶಬ್ದದ ಹೆಸರು ಕೊಡುತ್ತೇನೆ. ಲೆಕ್ಕ. ಜಗಳ. ಊಟ. ಮದುವೆ. ಆಮೇಲೆ ದವಡೆ ಸಡಿಲ ಬಿಡುತ್ತೇನೆ, ಹೆಗಲು ಇಳಿಸುತ್ತೇನೆ, ಯಾಕೆಂದರೆ ಮನಸ್ಸು ಓಡಿದಾಗ ಇವೆರಡೂ ಬಿಗಿದಿರುತ್ತವೆ, ನಿಮ್ಮದನ್ನು ನೋಡಿಕೊಳ್ಳಿ ಬೇಕಾದರೆ. ಮುಂದಿನ ಉಸಿರು ಹೊರಗೆ ಹೋಗುವಾಗ, ಒಂದು.

ನಡುವೆ ಒಂದು ಮೋಸ ಇದೆ. ಹೇಗೆ ಅಲ್ಲಿಗೆ ಹೋದೆ ಅಂತ ಹಿಂದಕ್ಕೆ ಹುಡುಕಿಕೊಂಡು ಹೋಗುವ ಆಸೆ ಬರುತ್ತದೆ. ಉಸಿರಿನಿಂದ ನೆಗಡಿ, ನೆಗಡಿಯಿಂದ ಡಾಕ್ಟರ್, ಡಾಕ್ಟರಿಂದ ಅವರ ಮನೆಯ ಗೃಹಪ್ರವೇಶ, ಅಲ್ಲಿಂದ ಅಲ್ಲಿ ತಿಂದ ಕರದಂಟು. ಬಹಳ ಮಜಾ ಅನ್ನಿಸುತ್ತದೆ. ಆದರೆ ಅದೂ ಓಡುವುದೇ, ಹಿಮ್ಮುಖವಾಗಿ ಓಡುವುದು ಅಷ್ಟೇ.

ಯೋಚನೆಗಳೆಲ್ಲ ಒಂದೇ ಜಾತಿಯವಲ್ಲ. ನನ್ನಂಥ ಲೆಕ್ಕದವರಿಗೆ ಜಾಸ್ತಿ ಬರುವುದು ಬಾಕಿ ಕೆಲಸ: ನೂಲಿನ ಬಿಲ್ಲು, ಕೂಲಿ ಪಗಾರ, ಕರೆಂಟ್ ಬಿಲ್ಲಿನ ಕಡೆಯ ದಿನ. ಇವು ಮತ್ತೆ ಮತ್ತೆ ಬರುವುದು ನಾನು ಮರೆಯಬಾರದು ಅಂತ, ಪಾಪ. ಹಾಗಾಗಿ ಕೂರುವ ಮುಂಚೆ ಎರಡು ನಿಮಿಷ ಒಂದು ಹಾಳೆಯಲ್ಲಿ ಗೀಚುತ್ತೇನೆ, ಏನು ಮಾಡಬೇಕು, ಯಾವಾಗ ಮಾಡಬೇಕು. "ಬಿಲ್ಲು" ಅಂತ ಬರೆದರೆ ಸಾಲದು, "ಬಿಲ್ಲು, ಹತ್ತು ಗಂಟೆಗೆ" ಅಂತ ಬರೆದರೆ ಮನಸ್ಸು ಒಪ್ಪುತ್ತದೆ. ಕೂತ ಮೇಲೆ ಆ ಹಾಳೆ ಮುಟ್ಟುವ ಹಾಗಿಲ್ಲ, ಎಂಥ ದೊಡ್ಡ ವಿಚಾರ ಹೊಳೆದರೂ. ಒಳ್ಳೆಯ ವಿಚಾರ ಹೊಳೆಯುವುದು ಇದರಲ್ಲಿ ಎಲ್ಲಕ್ಕಿಂತ ಅಪಾಯ. ಕೆಟ್ಟ ಯೋಚನೆ ಬಂದರೆ ಬಿಡಬೇಕು ಅಂತಾದರೂ ಅನ್ನಿಸುತ್ತದೆ, ಒಳ್ಳೆಯದಾದರೆ "ಇದೊಂದು ಮುಗಿಸಿಬಿಡುತ್ತೇನೆ" ಅನ್ನಿಸುತ್ತದೆ. ಅದು ನಿಜಕ್ಕೂ ಒಳ್ಳೆಯದಾಗಿದ್ದರೆ ಎದ್ದ ಮೇಲೂ ಇರುತ್ತದೆ.

ಜಗಳದ ಯೋಚನೆ ಬೇರೆ ಥರ. ಒಬ್ಬ ನೂಲಿನ ವ್ಯಾಪಾರಿ ಒಂದೇ ಬಾಕಿಯನ್ನು ಎರಡು ಸಲ ಹಿಡಿದು ಬಿಲ್ಲು ಕಳಿಸಿದ್ದರು. ಮರುದಿನ ಬೆಳಿಗ್ಗೆ ನಾನು ಕಣ್ಣು ಮುಚ್ಚಿ, ಬೆನ್ನು ನೆಟ್ಟಗೆ ಮಾಡಿ, ನೋಡಿದವರಿಗೆ ಋಷಿಯ ಹಾಗೆ ಕಾಣುತ್ತ, ಅವರಿಗೆ ಹೇಳಬೇಕಾದ ಮಾತನ್ನು ಮೂರು ರೀತಿಯಲ್ಲಿ ಜೋಡಿಸಿದ್ದೆ. ಮೂರನೆಯದರಲ್ಲಿ ಅವರು ಎಲ್ಲರ ಮುಂದೆ ಅತ್ತೂ ಬಿಟ್ಟಿದ್ದರು. ಅಲಾರಂ ಹೊಡೆದಾಗ ಗೊತ್ತಾಯಿತು. ಇಂಥದ್ದಕ್ಕೆ ಹೆಸರು ಕೊಟ್ಟು ಬಿಟ್ಟರೆ ಸಾಲದು, ಎರಡು ಉಸಿರಿಗೆ ಮತ್ತೆ ಬಂದು ನಿಲ್ಲುತ್ತದೆ. ಕಥೆಯನ್ನು ಬಿಟ್ಟು ಮೈಯನ್ನು ನೋಡಬೇಕು. ಸಿಟ್ಟು ಎಲ್ಲಿದೆ? ನನಗೆ ಎದೆಯ ಮೇಲ್ಭಾಗದಲ್ಲಿ ಬಿಸಿ, ಹಲ್ಲು ಕಚ್ಚಿರುತ್ತದೆ. ನಾಲ್ಕೈದು ಉಸಿರು ಆ ಬಿಸಿಯನ್ನೇ ನೋಡಿ. ಹೋಗಲಿ ಅಂತ ಅಲ್ಲ, ಇದೆ ಅಂತ. ಆಮೇಲೆ ಎಣಿಕೆಗೆ ಬನ್ನಿ. ಮತ್ತೆ ಕಥೆ ಶುರುವಾದರೆ ಮತ್ತೆ ಎದೆಗೆ. ಕೆಲವು ದಿನ ಪೂರ್ತಿ ಹತ್ತು ನಿಮಿಷ ಇದರಲ್ಲೇ ಹೋಗುತ್ತದೆ, ಹೋಗಲಿ. ಬಿಲ್ಲು ಆಮೇಲೆ ಸರಿಯಾಯಿತು ಅನ್ನಿ, ಅದು ಧ್ಯಾನದಿಂದ ಅಲ್ಲ, ನಮ್ಮ ಖಾತೆ ಪುಸ್ತಕ ತೋರಿಸಿದ್ದರಿಂದ.

ಮೈ ಕೊಡುವ ಕಾಟ

ನಿದ್ದೆ. ನಮ್ಮ ಅವ್ವ ಮೊದಲ ವಾರದಲ್ಲೇ ನನ್ನನ್ನು ಹಿಡಿದಳು: "ಕುಂತಲ್ಲೇ ನಿದ್ದಿ ಹೊಡ್ಯಾಕತ್ತಿಯಲ್ಲೋ ತಮ್ಮಾ, ಹೋಗಿ ಹಾಸ್ಕೊಂಡರ ಮಲ್ಕೋ." ತಲೆ ತೂಗಿದರೆ ಕಣ್ಣು ಅರ್ಧ ತೆರೆದು ಮುಂದಿನ ನೆಲ ನೋಡಿ. ಆಗಲೂ ಆಗದಿದ್ದರೆ ಎದ್ದು ನಿಂತೇ ಎಣಿಸಿ, ಮುಖಕ್ಕೆ ತಣ್ಣೀರು ಹಾಕಿ. ದಿನಾ ಹೀಗೇ ಆಗುತ್ತಿದ್ದರೆ ಅವ್ವ ಹೇಳಿದ್ದೇ ಸರಿ, ನಿಮಗೆ ನಿದ್ದೆ ಕಡಿಮೆಯಾಗಿದೆ. ರಾತ್ರಿ ಹನ್ನೆರಡರವರೆಗೆ ರೀಲ್ಸ್ ನೋಡಿ ಐದಕ್ಕೆ ಎದ್ದು ಕೂತರೆ ಯಾವ ವಿಧಾನವೂ ನಡೆಯುವುದಿಲ್ಲ.

ತುರಿಕೆ ಬಂದರೆ ಹತ್ತು ಉಸಿರು ಬಂದು ಹೋಗುವವರೆಗೆ ಕೈ ತಡೆದು ನೋಡಿ. ಎಷ್ಟೋ ಸಲ ಏರಿ, ಉರಿದು, ತಾನೇ ಇಳಿದು ಹೋಗುತ್ತದೆ, ಅದನ್ನು ಒಮ್ಮೆ ಪೂರ್ತಿ ನೋಡಿದವರಿಗೆ ಬೇರೆ ಎಷ್ಟೋ ಚಪಲಗಳು ಸುಲಭವಾಗುತ್ತವೆ. ಹೋಗದಿದ್ದರೆ ತುರಿಸಿಕೊಳ್ಳಿ, ಪಾಪ ಏನಲ್ಲ. ಸೊಳ್ಳೆಯ ವಿಷಯದಲ್ಲಿ ಮಾತ್ರ ವೈರಾಗ್ಯ ಬೇಡ, ಫ್ಯಾನ್ ಹಚ್ಚಿ, ಇಲ್ಲ ಪರದೆಯೊಳಗೆ ಕೂತುಕೊಳ್ಳಿ. ಏಪ್ರಿಲ್, ಮೇ ಬಿಸಿಲಿನಲ್ಲಿ ನಮ್ಮ ಕಡೆ 40 ಡಿಗ್ರಿ ದಾಟುತ್ತದೆ, ಆಗ ಮಧ್ಯಾಹ್ನದವರು ಹೊತ್ತು ಬದಲಿಸಿಕೊಳ್ಳುವುದು ಒಳ್ಳೆಯದು.

ಕಾಲು ಜೋಮು ಹಿಡಿಯುವುದು ನರದ ಮೇಲೆ ಭಾರ ಬಿದ್ದಿದ್ದಕ್ಕೆ. ನಿಧಾನವಾಗಿ ಕಾಲು ಬಿಡಿಸಿ, ಆ ಬಿಡಿಸುವುದನ್ನೇ ಗಮನಿಸಿ, ಮತ್ತೆ ಎಣಿಕೆ. ಎದ್ದ ತಕ್ಷಣ ನಡೆಯಲು ಹೋಗಬೇಡಿ, ನಾನು ಒಮ್ಮೆ ಹೋಗಿ ದೇವರ ಜಗಲಿಗೆ ಮೊಣಕೈ ಬಡಿಸಿಕೊಂಡಿದ್ದೇನೆ. ಮೊಣಕಾಲಲ್ಲಿ ಚುಚ್ಚಿದ ಹಾಗೆ ನೋವು ಬಂದರೆ ತಡೆಯುವ ಸಾಹಸ ಬೇಡ, ಕೂಡಲೇ ಕುರ್ಚಿ.

ಇನ್ನೊಂದು ಗಂಭೀರ ಮಾತು. ಕೂತಾಗಲೆಲ್ಲ ಹಳೆಯ ಕೆಟ್ಟ ನೆನಪು ಮೈಮೇಲೆ ಬಂದಂತೆ ಆಗುವುದು, ವಿಪರೀತ ಗಾಬರಿ, ನಿದ್ದೆ ಪೂರ್ತಿ ಕೆಡುವುದು, ಇಲ್ಲದ ಮಾತು ಕೇಳಿಸುವುದು, ಇವು ಮನಸ್ಸು ಓಡುವುದಲ್ಲ. ಧ್ಯಾನ ನಿಲ್ಲಿಸಿ ಡಾಕ್ಟರನ್ನು ಕಾಣಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, 14416, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮೊದಲೇ ಮನಸ್ಸಿನ ಕಾಯಿಲೆಗೆ ಔಷಧಿ ತೆಗೆದುಕೊಳ್ಳುತ್ತಿರುವವರು ತಮ್ಮ ಡಾಕ್ಟರನ್ನು ಕೇಳಿಯೇ ಶುರು ಮಾಡಿ, ಔಷಧಿ ಬಿಡಬೇಡಿ.

ತಪ್ಪಿದ ದಿನ

ಮನೆಯವರಿಗೆ ಮೊದಲೇ ಹೇಳಿಡಿ, ಇಷ್ಟೊತ್ತಿನಿಂದ ಇಷ್ಟೊತ್ತು ಅಂತ. ಹೇಳದೆ ಗುಟ್ಟಾಗಿ ಕೂತು, ಯಾರಾದರೂ ಕರೆದಾಗ ಸಿಡುಕಿದರೆ ತಪ್ಪು ನಿಮ್ಮದೇ. ಮಕ್ಕಳು ತೊಡೆ ಏರಿದರೆ ಏರಲಿ, ಅವರ ಉಸಿರನ್ನೂ ಎಣಿಸಬಹುದು. ಆದರೆ ಒಂದು ಕೂಗಿಗೆ ನಮ್ಮ ಮನೆಯಲ್ಲಿ ಎಲ್ಲ ಧ್ಯಾನವೂ ಮುರಿಯುತ್ತದೆ: "ನಳಾ ಬಂತ್ರೀ!" ನಮ್ಮ ಓಣಿಗೆ ನೀರು ದಿನಾ ಬರುವುದಿಲ್ಲ, ಬರುವ ದಿನವೂ ಹೊತ್ತು ಅದರದ್ದೇ. ಮೊದಲೆಲ್ಲ ಕಣ್ಣು ಬಿಗಿಯಾಗಿ ಮುಚ್ಚಿ ಕೇಳಿಸದವನ ಹಾಗೆ ಕೂತಿದ್ದುಂಟು, ಒಳಗೆ ಕೊಡ ತುಂಬುವ ಸದ್ದನ್ನೇ ಎಣಿಸುತ್ತ. ಈಗ ಎದ್ದುಬಿಡುತ್ತೇನೆ. ಕೊಡ ಹೊತ್ತು ನಡೆಯುವಾಗ ಹತ್ತು ಹೆಜ್ಜೆ ಎಣಿಸಿ ಮತ್ತೆ ಒಂದಕ್ಕೆ ಬರುತ್ತೇನೆ. ಅದನ್ನೂ ಆ ದಿನದ ಲೆಕ್ಕಕ್ಕೆ ಹಿಡಿಯುತ್ತೇನೆ, ಲೆಕ್ಕ ಬರೆಯುವವನು ನಾನೇ ತಾನೆ.

ಕ್ಯಾಲೆಂಡರಿನ ಮೇಲೆ ಕೂತ ದಿನಕ್ಕೆ ಒಂದು ಗೀಟು ಹಾಕಿ, ಸಾಕು. ಎಷ್ಟು ಚೆನ್ನಾಗಿತ್ತು ಅಂತ ಮಾರ್ಕು ಕೊಡಬೇಡಿ. ಲಂಡನ್ನಿನಲ್ಲಿ ಒಂದು ಅಧ್ಯಯನ ಆಗಿತ್ತು, 96 ಜನ ಒಂದೊಂದು ಸಣ್ಣ ರೂಢಿಯನ್ನು ಹಿಡಿದು ದಿನಾ ಮಾಡಲು ನೋಡಿದರು, 2010ರಲ್ಲಿ ಪ್ರಕಟವಾಯಿತು. ರೂಢಿ ತಾನಾಗಿ ನಡೆಯುವ ಮಟ್ಟಕ್ಕೆ ಬರಲು ಸರಾಸರಿ 66 ದಿನ ಬೇಕು ಅಂತ ಲೆಕ್ಕ ಬಂತು. ಆದರೆ ಕೆಲವರಿಗೆ 18 ದಿನ ಸಾಕಾದರೆ ಕೆಲವರಿಗೆ 254ರವರೆಗೂ ಹೋಗುತ್ತಿತ್ತು. 21 ದಿನದಲ್ಲಿ ಆಗುತ್ತದೆ ಅಂತ ಫಾರ್ವರ್ಡ್ ಕಳಿಸುವವರನ್ನು ನಂಬಬೇಡಿ. ನಮಗೆ ಬೇಕಾದ ಇನ್ನೊಂದು ಮಾತೂ ಅದರಲ್ಲಿತ್ತು: ನಡುವೆ ಒಂದು ದಿನ ತಪ್ಪಿದರೆ ಹೆಚ್ಚೇನೂ ಕೆಡುವುದಿಲ್ಲ. ನನ್ನ ಅನುಭವದಲ್ಲಿ ಕೆಡಿಸುವುದು ಎರಡನೇ ದಿನ. ಒಂದು ದಿನ ತಪ್ಪಿದ ಬೇಜಾರಿಗೆ "ಸೋಮವಾರದಿಂದ ಹೊಸದಾಗಿ" ಅಂದುಕೊಳ್ಳುತ್ತೇವೆ, ಆ ಸೋಮವಾರ ಯಾವ ತಿಂಗಳಿನದೋ. ಹಾಗಾಗಿ ತಪ್ಪಿದ ಮರುದಿನ ಎರಡೇ ನಿಮಿಷ ಆದರೂ ಕೂತುಬಿಡಿ. ನಿನ್ನೆಯದೂ ಸೇರಿಸಿ ಇಪ್ಪತ್ತು ನಿಮಿಷ ಅಂತ ದಂಡ ಹಾಕಿಕೊಳ್ಳಬೇಡಿ.

ಮೊನ್ನೆ ಓಣಿಯ ಹುಡುಗ ಒಬ್ಬ ಕೇಳಿದ, "ಕಾಕಾ, ಐದು ವರ್ಷ ಆತಲ್ರಿ, ಈಗರ ಮನಸ್ಸು ಓಡೂದು ನಿಂತೈತೇನ್ರಿ?" ನಾನು ಹೇಳಿದೆ, ಇವತ್ತು ಬೆಳಿಗ್ಗೆ ಎಂಟರವರೆಗೆ ಎಣಿಸಿದ್ದೆ, ಅಲ್ಲಿಂದ ನೇರ ಅಮೀನಗಡಕ್ಕೆ ಹೋಗಿ ಮಾವನ ಹೊಲದ ಗಡಿ ನೋಡಿಕೊಂಡು ಬಂದೆ, ಆಮೇಲೆ ಒಂದರಿಂದ ಶುರು ಮಾಡಿದೆ. ಅವನಿಗೆ ಬಹಳ ನಿರಾಸೆ ಆಯಿತು ಅನ್ನಿಸುತ್ತದೆ. ಆದರೂ ನಾಳೆಯಿಂದ ಇಲ್ಲೇ ಪಡಸಾಲೆಯಲ್ಲಿ ನನ್ನ ಜೊತೆ ಕೂರುತ್ತೇನೆ ಅಂದಿದ್ದಾನೆ. ನಾಳೆ ಬೇಡ ಅಂದೆ, ನಾಳೆ ನಳ ಬರುವ ದಿನ, ಬಂದರೆ ಅವನ ಕೈಗೂ ಒಂದು ಕೊಡ ಬರುತ್ತದೆ. ಬರ್ತೀನಿ ಅಂದ.